ಒಂದು ಗಾಡಿ, ಆರು ಕೈ: ಬದಲಿ ಗಾಡಿ ನೌಕರಿಯ ಹದಿನಾಲ್ಕು ತಿಂಗಳು

ನನ್ನ ಹೆಂಡತಿ ಹೊಲಿದ ಒಂದು ಕೌದಿ ಇದೆ. ಅವಳ ಹಳೆಯ ಇಳಕಲ್ ಸೀರೆ, ನನ್ನ ಎರಡು ಖಾಕಿ ಅಂಗಿ, ಮಗಳ ಸಣ್ಣ ಶಾಲೆಯ ಲಂಗ ಎಲ್ಲಾ ಅದರೊಳಗಿವೆ. ನಾನು ಲಾರಿ ಡ್ರೈವರ್. ಆರು ವರ್ಷ ಅದು ಒಂದೇ ಗಾಡಿಯ ಕೇಬಿನ್ನಿನಲ್ಲಿತ್ತು. ಈ ಹದಿನಾಲ್ಕು ತಿಂಗಳಲ್ಲಿ ಹನ್ನೊಂದು ಗಾಡಿ ಸುತ್ತಿದೆ. ನೈಲಾನ್ ಚೀಲದಲ್ಲಿ ತುರುಕಿ ಹೆಗಲಿಗೆ ಹಾಕಿಕೊಂಡು ಒಂದು ಗಾಡಿಯಿಂದ ಇಳಿಯುತ್ತೇನೆ, ಇನ್ನೊಂದಕ್ಕೆ ಹತ್ತುತ್ತೇನೆ. ಬದಲಿ ಗಾಡಿ ನೌಕರಿ ಅಂದರೇನು ಅಂತ ಕೇಳಿದವರಿಗೆ ಮೊದಲು ಈ ಚೀಲ ತೋರಿಸುತ್ತೇನೆ.

ನಾನು ಇಂಡಿ ತಾಲೂಕಿನವನು. ಲಿಂಬೆಹಣ್ಣಿನ ಸೀಮೆ. ಪುಣೆಗೆ ಬಂದದ್ದು 2003ರಲ್ಲಿ, ಕ್ಲೀನರ್ ಆಗಿ. ಈಗ ಭೋಸರಿಯಲ್ಲಿ ಎರಡು ಖೋಲಿಯ ಮನೆ, ಡ್ಯೂಟಿ ಚಾಕಣದಿಂದ. ಊರ ಕಡೆಯ ಹುಡುಗರು ವಾರಕ್ಕೊಬ್ಬರಾದರೂ ಫೋನ್ ಹಚ್ಚುತ್ತಾರೆ: "ಕಾಕಾ, ನಿಮ್ಮ ಕಂಪನ್ಯಾಗ ಹೆಂಗೈತ್ರಿ? ಬರೂಣೇನು?" ಒಬ್ಬೊಬ್ಬರಿಗೇ ಹೇಳಿ ಹೇಳಿ ಬಾಯಿ ನೊಂದಿದೆ, ಅದಕ್ಕೆ ಒಂದೇ ಸಲ ಬರೆದುಬಿಡುತ್ತಿದ್ದೇನೆ. ಕಂಪನಿಯ ಹೆಸರು ಹಾಕುವುದಿಲ್ಲ. ಇನ್ನೂ ಅಲ್ಲೇ ಉಪ್ಪು ತಿನ್ನುತ್ತಿದ್ದೇನೆ, ಮೇಲಾಗಿ ಇದು ಒಂದು ಕಂಪನಿಯ ಮಾತೂ ಅಲ್ಲ. ಈ ಹೆದ್ದಾರಿಯಲ್ಲಿ ಈಗ ಸಣ್ಣಪುಟ್ಟ ಟ್ರಾನ್ಸ್‌ಪೋರ್ಟಿನವರೂ ಇದೇ ದಾರಿ ಹಿಡಿದಿದ್ದಾರೆ.

ಪದ್ಧತಿ ಹೀಗಿದೆ. ಚಾಕಣದಲ್ಲಿ ಆಟೋ ಪಾರ್ಟ್ಸ್ ತುಂಬಿದ ಹತ್ತು ಗಾಲಿಯ ಕಂಟೇನರ್ ಬಾಡಿ ಗಾಡಿ ಹುಬ್ಬಳ್ಳಿ-ಧಾರವಾಡಕ್ಕೆ ಹೋಗಿ ಬರಬೇಕು. ಮೊದಲಿನ ಕಾಲದಲ್ಲಿ ಒಬ್ಬನೇ ಡ್ರೈವರ್ ಹೋಗಿ ಬರುತ್ತಿದ್ದ. ಈಗ ದಾರಿಯನ್ನು ಮೂರು ತುಂಡು ಮಾಡಿದ್ದಾರೆ. ಚಾಕಣದಿಂದ ಸಾತಾರಾ ದಾಟಿ ಉಂಬ್ರಜ್ ಹತ್ತಿರದ ಯಾರ್ಡಿನ ತನಕ ಸುಮಾರು 180 ಕಿಲೋಮೀಟರ್ ನನ್ನದು. ಅಲ್ಲಿಂದ ಬೆಳಗಾವಿ ತನಕ ಇನ್ನೊಬ್ಬ. ಮುಂದಿನದು ಮೂರನೆಯವನ ಪಾಲು. ನಾನು ಉಂಬ್ರಜ್‌ನಲ್ಲಿ ನನ್ನ ಗಾಡಿ ಅವನಿಗೆ ಕೊಟ್ಟು, ಅವನು ಬೆಳಗಾವಿಯಿಂದ ತಂದ ಗಾಡಿ ಹಿಡಿದು ಚಾಕಣಕ್ಕೆ ತಿರುಗುತ್ತೇನೆ. ಹೋಗುವಾಗ ಮೂರು ಕೈ, ಬರುವಾಗ ಮೂರು ಕೈ. ಗಾಡಿ ನಿಲ್ಲುವುದಿಲ್ಲ, ಡ್ರೈವರ್ ನಿಲ್ಲುತ್ತಾನೆ.

ನಮ್ಮ ದೇಶದಲ್ಲಿ ಈ ರಿಲೇ ಪದ್ಧತಿಗೆ ಹೆಸರು ತಂದವರು ರಿವಿಗೋ ಎಂಬ ಗುರುಗ್ರಾಮದ ಕಂಪನಿಯವರು. 2014ರಲ್ಲಿ ಶುರುವಾಯಿತು. ನಾಲ್ಕೈದು ತಾಸಿಗೊಬ್ಬ ಡ್ರೈವರ್ ಬದಲಾಗಬೇಕು, ಡ್ರೈವರ್ ಅದೇ ದಿನ ಮನೆ ಸೇರಬೇಕು ಎನ್ನುವುದು ಅವರ ಲೆಕ್ಕ. 2022ರಲ್ಲಿ ಅವರ ಎಕ್ಸ್‌ಪ್ರೆಸ್ ವ್ಯವಹಾರವನ್ನು ಮಹೀಂದ್ರಾ ಲಾಜಿಸ್ಟಿಕ್ಸ್ ಕೊಂಡಿತು. ನಮ್ಮ ಸೇಟ್ ಆ ಲೆಕ್ಕವನ್ನು ಎಲ್ಲಿಂದಲೋ ಕೇಳಿಕೊಂಡು ಬಂದು ಹದಿನಾಲ್ಕು ಗಾಡಿಗೆ ಹೊಂದಿಸಿದ್ದಾನೆ. ಹೊಂದಿಸುವಾಗ ಒಂದಿಷ್ಟು ಮೂಲೆ ಕತ್ತರಿಸಿದ್ದಾನೆ, ಅದು ಮುಂದೆ ಬರುತ್ತದೆ.

ಮೊದಲು ಒಳ್ಳೆಯದು. ಮನೆಯಲ್ಲಿ ಮಲಗುತ್ತೇನೆ. ಇದರ ಬೆಲೆ ಡ್ರೈವರ್ ಅಲ್ಲದವರಿಗೆ ತಿಳಿಯುವುದಿಲ್ಲ. ಹಳೆಯ ಕೆಲಸದಲ್ಲಿ ಪುಣೆ ಬಿಟ್ಟರೆ ಬೆಂಗಳೂರು, ಅಲ್ಲಿಂದ ಲೋಡ್ ಸಿಕ್ಕರೆ ಚೆನ್ನೈ, ಸಿಗದಿದ್ದರೆ ಹೊಸೂರಿನ ಪಾರ್ಕಿಂಗ್‌ನಲ್ಲಿ ಮೂರು ದಿನ. ಒಂಬತ್ತು ದಿನ, ಹನ್ನೊಂದು ದಿನ ಹೀಗೇ. ಮಗಳು ಸಣ್ಣವಳಿದ್ದಾಗ ನಾನು ಮನೆಗೆ ಬಂದರೆ ಅವ್ವನ ಸೆರಗಿನ ಹಿಂದೆ ಅಡಗುತ್ತಿದ್ದಳು, ಯಾರೋ ಪಾವಣ್ಯಾ ಬಂದಾನ ಅಂತ. ಈಗ ಹತ್ತನೇ ತರಗತಿ. ನಾನು ಬೆಳಗ್ಗೆ ಐದಕ್ಕೆ ಹೊರಟರೆ ರಾತ್ರಿ ಎಂಟು-ಒಂಬತ್ತಕ್ಕೆ ಮನೆಯಲ್ಲಿರುತ್ತೇನೆ. ಬುತ್ತಿಯಲ್ಲಿ ಅವತ್ತಿನ ರೊಟ್ಟಿ, ಶೇಂಗಾ ಹಿಂಡಿ ಇರುತ್ತದೆ, ಧಾಬಾದ ಎಣ್ಣೆ ತೇಲುವ ದಾಲ್ ಅಲ್ಲ. ಸಕ್ಕರೆ ಕಾಯಿಲೆ ಅಂತ ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಹೊತ್ತಿಗೆ ಸರಿಯಾಗಿ ಗುಳಿಗೆ ತಿನ್ನಲು ಶುರು ಮಾಡಿದ್ದೇ ಈ ಕೆಲಸಕ್ಕೆ ಬಂದ ಮೇಲೆ.

ಸರಕಿನವರಿಗೂ ಇದು ಒಳ್ಳೆಯದು. ಸರಕಿನ ಜತೆ ಇರಬೇಕಾದ ಜಿಎಸ್‌ಟಿ ಕಾಗದ ಇ-ವೇ ಬಿಲ್ಲಿನಲ್ಲಿ 200 ಕಿಲೋಮೀಟರಿಗೆ ಒಂದು ದಿನ ಅಂತ ಗಡುವು. ಒಬ್ಬನೇ ಓಡಿಸುತ್ತಿದ್ದಾಗ ಪಂಕ್ಚರ್, ಘಾಟ್ ಜಾಮ್, ಜ್ವರ ಎಂದು ಗಡುವು ಮೈಮೇಲೆ ಬರುತ್ತಿತ್ತು, ನಿದ್ದೆಗಣ್ಣಲ್ಲಿ ಎಳೆಯುತ್ತಿದ್ದೆವು. ರಿಲೇಯಲ್ಲಿ ಆ ಮಾತೇ ಏಳುವುದಿಲ್ಲ. ರಾತ್ರಿ ಎರಡಕ್ಕೆ ತವಂದಿ ಘಾಟಿನಲ್ಲಿ ಕಣ್ಣಿಗೆ ನೀರು ಚಿಮುಕಿಸಿಕೊಂಡು ಗೇರ್ ಹಾಕುವ ಕಾಲ ನನ್ನ ಪಾಲಿಗೆ ಮುಗಿಯಿತು. ಈ ನೌಕರಿಗೆ ಅಂಕ ಹಾಕುವುದಾದರೆ, ಮನೆಯ ನಿದ್ದೆ ಒಂದಕ್ಕೇ ಐದರಲ್ಲಿ ಎರಡು ಕೊಟ್ಟಿದ್ದೇನೆ.

ಇನ್ನು ಗಾಡಿ ಕೈಬದಲಾಗುವ ಮಾತು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿರಿ, ಈ ನೌಕರಿಯ ಹೂರಣವೆಲ್ಲ ಇಲ್ಲೇ ಇದೆ.

ಉಂಬ್ರಜ್ ಯಾರ್ಡಿಗೆ ಬೆಳಗಾವಿ ಕಡೆಯವನು ಬಂದು ಇಳಿಯುತ್ತಾನೆ. ಅವನಿಗೂ ತಿರುಗಿ ಹೋಗುವ ಅವಸರ. ಕೀಲಿಕೈ ನನ್ನ ಕೈಗೆ ಎಸೆಯುತ್ತಾನೆ. "ಎಲ್ಲಾ ಓಕೆ ಐತಿ ಅಣ್ಣಾ." ಈ ಹದಿನಾಲ್ಕು ತಿಂಗಳಲ್ಲಿ ನನಗೆ ಎಲ್ಲಕ್ಕಿಂತ ದುಬಾರಿಯಾದದ್ದು ಈ ಮೂರು ಮಾತು. ಸುಳ್ಳು ಹೇಳುತ್ತಾನೆ ಅಂತಲ್ಲ. ಅವನಿಗೂ ಹಿಂದಿನವನು ಹಾಗೇ ಹೇಳಿರುತ್ತಾನೆ, ಅವನು ಹಾಗೇ ಮುಂದೆ ದಾಟಿಸುತ್ತಾನೆ. ನಮ್ಮ ಸ್ವಂತ ಕೈಯ ಗಾಡಿಯಾದರೆ ಎಡಗಡೆ ಒಳಗಿನ ಟೈರು ಯಾವಾಗ ರಿಮೋಲ್ಡ್ ಆಗಿದೆ, ಯಾವ ಸ್ಪ್ರಿಂಗ್ ಪಟ್ಟಿ ಸೀಳಿದೆ, ಯಾವ ಗೇರಿನಲ್ಲಿ ಕಿರುಗುಟ್ಟುತ್ತದೆ ಎಲ್ಲಾ ಕೈಗೇ ಗೊತ್ತಿರುತ್ತದೆ. ಬದಲಿ ಗಾಡಿ ಎಂದರೆ ದಿನಾ ಹೊಸ ಬೀಗರು. ಮಾತಾಡಿಸಿ ನೋಡಬೇಕು.

ಹಾಗಾಗಿ ನಾನು ನೋಡುತ್ತೇನೆ. ಹತ್ತೂ ಟೈರಿಗೆ ಟಾಮಿ ಎಂಬ ಕಬ್ಬಿಣದ ಸರಳಿನಿಂದ ಬಡಿದು ಸದ್ದು ಕೇಳುವುದು, ಗಾಲಿಯ ನಟ್ಟು, ಪಟ್ಟಿ, ಗಾಳಿ ಟ್ಯಾಂಕಿನ ನೀರು ಬಿಡುವುದು, ಬ್ರೇಕ್ ಲೈಟ್, ಹಿಂದಿನ ಕೆಂಪು ರಿಫ್ಲೆಕ್ಟರ್ ಪಟ್ಟಿ, ಯೂರಿಯಾ ಟ್ಯಾಂಕಿನ ಮಟ್ಟ, ಕಂಟೇನರ್ ಬಾಗಿಲ ಸೀಲಿನ ನಂಬರು ಬಿಲ್ಟಿಯಲ್ಲಿ, ಅಂದರೆ ಸರಕಿನ ಚೀಟಿಯಲ್ಲಿ, ಇದ್ದಂತೆ ಇದೆಯೋ ಇಲ್ಲವೋ, ಸ್ಟೆಪ್ನಿ, ಜಾಕಿ, ಪಾನಾ. ಯೂರಿಯಾದ ಮಾತು ಹೊಸ ಹುಡುಗರಿಗೆ ಹೇಳಬೇಕು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಹೊಗೆ ತೊಳೆಯಲು ಅದು ಬೇಕೇಬೇಕು. ಅದು ಮುಗಿಯುತ್ತ ಬಂದರೆ ಮೊದಲು ದೀಪ ಹತ್ತುತ್ತದೆ, ಆಮೇಲೆ ಇಂಜಿನ್ ತಾನೇ ಜೋರು ಕಡಿಮೆ ಮಾಡಿಕೊಳ್ಳುತ್ತದೆ. ಹಿಂದಿನವನು ದೀಪ ನೋಡಿಯೂ ನೋಡದಂತೆ ಬಂದಿರುತ್ತಾನೆ. ಖಂಬಾಟ್ಕಿ ಘಾಟ್ ಏರುವಾಗ ಗಾಡಿ ಮುದಿ ಎಮ್ಮೆಯಾಗುವುದು ನನ್ನ ಕೈಯಲ್ಲಿ.

ಇಷ್ಟೆಲ್ಲ ನೋಡಲು ನನಗೆ 45 ನಿಮಿಷ ಬೇಕು. ಚಾಕಣದಲ್ಲಿ ಬೆಳಗ್ಗೆ ಒಂದು ಸಲ, ಉಂಬ್ರಜ್‌ನಲ್ಲಿ ಮತ್ತೊಂದು ಸಲ. ದಿನಕ್ಕೆ ಒಂದೂವರೆ ತಾಸು. ತಿಂಗಳಿಗೆ 25 ದಿನ ಡ್ಯೂಟಿ ಹಿಡಿದರೆ 37.5 ತಾಸು. ಎಂಟು ತಾಸಿನ ದಿನದ ಲೆಕ್ಕದಲ್ಲಿ ನಾಲ್ಕೂವರೆ ದಿನಕ್ಕೂ ಮೇಲಾಯಿತು. ಇದಕ್ಕೆ ಕಂಪನಿ ಕೊಡುವುದು ಸೊನ್ನೆ. ಅವರ ಗಡಿಯಾರ ಜಿಪಿಎಸ್ಸಿನಲ್ಲಿದೆ, ಗಾಲಿ ತಿರುಗಿದರೆ ಡ್ಯೂಟಿ, ನಿಂತರೆ ಇಲ್ಲ. ಸೂಪರ್‌ವೈಸರನ್ನು ಕೇಳಿದೆ. "ಐದು ಮಿನಿಟ್ ಕಾಮ್ ಆಹೆ, ಪಾಟೀಲ್ ಡಾಕ್ಟರ್‌ಸಾರಖಾ ಚೆಕಪ್ ಕಶಾಲಾ?" ಅಂದ. ಐದು ನಿಮಿಷದ ಕೆಲಸಕ್ಕೆ ಡಾಕ್ಟರ ಹಾಗೆ ಚೆಕಪ್ ಯಾಕೆ ಅಂತ. ನಾನು ಪಾಟೀಲನೂ ಅಲ್ಲ, ಡಾಕ್ಟರೂ ಅಲ್ಲ. ಆದರೆ ಅವನು ಹೇಳಿದ ಐದು ನಿಮಿಷದ ತಪಾಸಣೆ ಮಾಡಿದ ಒಂದು ರಾತ್ರಿಯ ಕತೆ ಹೇಳುತ್ತೇನೆ.

ಕಳೆದ ವರ್ಷ ಮಳೆಗಾಲದ ಮೊದಲ ವಾರ. ಮೈ ಸರಿ ಇರಲಿಲ್ಲ, ಬೇಗ ಮನೆ ಸೇರಬೇಕಿತ್ತು, ನಾನೂ "ಎಲ್ಲಾ ಓಕೆ" ನಂಬಿ ಸಹಿ ಮಾಡಿದೆ. ಸುರೂರ್ ಫಾಟಾದ ಹತ್ತಿರ ಬಲಗಡೆ ಹಿಂದಿನ ಟೈರು ಡಬ್ ಎಂದಿತು. ಇಳಿದು ಟೂಲ್ ಡಬ್ಬಿ ತೆಗೆದರೆ ಜಾಕಿ ಇಲ್ಲ. ಒಂದು ಖಾಲಿ ಗುಟ್ಕಾ ಮಾಲೆ, ಒಂದು ಹವಾಯಿ ಚಪ್ಪಲಿ ಇತ್ತು. ಚಪ್ಪಲಿಯೂ ಒಂದೇ ಕಾಲಿನದು. ಮಳೆಯಲ್ಲಿ ಮೂರು ತಾಸು ಕಾದೆ. ಕೊನೆಗೆ ಹೊಸಪೇಟೆ ಕಡೆಯ ಒಬ್ಬ ಡ್ರೈವರ್ ನನ್ನ ಬಾಯಲ್ಲಿ ಕನ್ನಡ ಕೇಳಿ ಗಾಡಿ ನಿಲ್ಲಿಸಿ ಜಾಕಿ ಕೊಟ್ಟ. ಪುಣ್ಯಾತ್ಮ, ಚಹಾದ ದುಡ್ಡೂ ತೆಗೆದುಕೊಳ್ಳಲಿಲ್ಲ. ಮಾರನೇ ದಿನ ಆಫೀಸಿನಲ್ಲಿ ರಿಜಿಸ್ಟರ್ ತೆಗೆದರು. ಕೊನೆಯ ಸಹಿ ನನ್ನದು, ಹಾಗಾದರೆ ಜಾಕಿ ಕಳೆದವನೂ ನಾನೇ. ಎರಡು ಕಂತಿನಲ್ಲಿ 3,200 ರೂಪಾಯಿ ಸಂಬಳದಲ್ಲಿ ಮುರಿದುಕೊಂಡರು. ಆ ಜಾಕಿ ಒಂದೂವರೆ ತಿಂಗಳಿಗೆ ಬೆಳಗಾವಿ ಯಾರ್ಡಿನಲ್ಲಿ ಇನ್ನೊಂದು ಗಾಡಿಯ ಅಡಿ ಸಿಕ್ಕಿತು. ನನ್ನ ದುಡ್ಡು ಮಾತ್ರ ಯಾವ ಯಾರ್ಡಿನಲ್ಲೂ ಸಿಗಲಿಲ್ಲ.

ಅವತ್ತಿನಿಂದ ಪ್ರತಿ ಗಾಡಿಗೂ ಹದಿನಾಲ್ಕು ಫೋಟೊ ಹೊಡೆಯುತ್ತೇನೆ, ಜಾಕಿಯದು ಎರಡು. "ಅಪ್ಪಾ, ನಿನ್ನ ಫೋನ್ ತುಂಬ ಬರೇ ಟೈರು, ನಮ್ಮ ಫೋಟೊ ಒಂದೂ ಇಲ್ಲ" ಅಂತ ಮಗಳು ನಗುತ್ತಾಳೆ. ಜಾಗ ಸಾಲದೆ ವಾರಕ್ಕೊಮ್ಮೆ ಅವಳೇ ಅಳಿಸುತ್ತಾಳೆ.

ನನ್ನ ಅಕ್ಕನ ಮಗ ಇಲ್ಲೇ ಪುಣೆಯಲ್ಲಿ ಕಾನೂನು ಓದುತ್ತಿದ್ದಾನೆ. ಜಾಕಿ ಕತೆ ಕೇಳಿದವನು ಒಂದು ಭಾನುವಾರ ಊಟಕ್ಕೆ ಬಂದಾಗ ಫೋನಿನಲ್ಲಿ ಒಂದು ಕಾಯ್ದೆ ತೆಗೆದು ತೋರಿಸಿದ. 1961ರ ಮೋಟಾರ್ ಸಾರಿಗೆ ಕಾರ್ಮಿಕರ ಕಾಯ್ದೆ. ದಿನಕ್ಕೆ 8 ತಾಸು, ವಾರಕ್ಕೆ 48, ದೂರದ ದಾರಿಗೆ ಅನುಮತಿ ಇದ್ದರೆ 10 ಮತ್ತು 54, ಐದು ತಾಸಿಗೆ ಅರ್ಧ ತಾಸು ವಿಶ್ರಾಂತಿ. ಇಷ್ಟು ನಾನೂ ಅಲ್ಲಿ ಇಲ್ಲಿ ಕೇಳಿದ್ದೆ. ಕೇಳಿರದಿದ್ದದ್ದು ಮುಂದಿನದು. ಕೆಲಸದ ಸಮಯ ಅಂದರೆ ಬರೀ ಗಾಡಿ ಓಡುವ ಹೊತ್ತಲ್ಲ. ಗಾಡಿಯನ್ನು ವಶಕ್ಕೆ ತೆಗೆದುಕೊಳ್ಳುವುದು, ತಂದು ನಿಲ್ಲಿಸುವುದು, ರಿಜಿಸ್ಟರಿಗೆ ಸಹಿ ಮಾಡುವುದು, ಸಹಿ ಮಾಡಿದ ಜಾಗದಿಂದ ಗಾಡಿ ಇರುವ ಜಾಗಕ್ಕೆ ಹೋಗುವುದು, ಲೋಡ್ ಇಳಿಸುವುದು ಎಲ್ಲವೂ ಅದರಲ್ಲೇ ಬರುತ್ತದೆ ಅಂತ ಅಲ್ಲಿ ಬರೆದಿದೆ. ಅರವತ್ತು ವರ್ಷದ ಹಿಂದೆಯೇ ಯಾರೋ ನಮ್ಮ ಯಾರ್ಡಿಗೆ ಬಂದು ನಿಂತು ನೋಡಿ ಬರೆದಂತಿದೆ. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ, ದಿನಕ್ಕೆ ಎಂಟು ತಾಸು ಎನ್ನುವುದು ಅದರಲ್ಲೂ ಉಂಟು.

ಅಳಿಯ ಇನ್ನೊಂದು ಹೇಳಿದ. ಅಮೆರಿಕದಲ್ಲೂ ಕಂಪನಿ ಡ್ರೈವರುಗಳಿಗೆ ಇದೇ ಗೋಳಂತೆ. ಒಬ್ಬನ ಸೀಟು ಇನ್ನೊಬ್ಬನಿಗೆ ಕೊಡುವುದಕ್ಕೆ ಅಲ್ಲಿ ಸ್ಲಿಪ್ ಸೀಟ್ ಎನ್ನುತ್ತಾರೆ. ಹತ್ತು ತಾಸು ವಿಶ್ರಾಂತಿ ಮಾಡಿದ ಮೇಲೆ 14 ತಾಸಿನೊಳಗೆ 11 ತಾಸು ಮಾತ್ರ ಗಾಡಿ ಓಡಿಸಬಹುದು, ಓಡಿಸುವ ಮೊದಲು ಗಾಡಿ ಪರೀಕ್ಷೆ ಮಾಡುವ ಹೊತ್ತು ಡ್ಯೂಟಿಯಲ್ಲೇ ಸೇರುತ್ತದೆ. ಅದನ್ನೆಲ್ಲ ಗಾಡಿಯೊಳಗಿನ ಯಂತ್ರವೇ ಬರೆದುಕೊಳ್ಳುತ್ತದೆ. "ಯಂತ್ರ ನಮ್ಮ ಗಾಡಿಯಾಗೂ ಐತಲ್ಲೋ" ಅಂದೆ. "ಅದು ಸೇಟ್ ಪರವಾಗಿ ಬರೀತೈತಿ ಮಾಮಾ" ಅಂದ.

ಬ್ರೇಕಿನ ಮಾತು ಬೇರೆಯೇ ಹೇಳಬೇಕು. ಸಾತಾರಾ ಕಡೆಯಿಂದ ಲೋಡ್ ತಂದು ಕಾತ್ರಜದ ಹೊಸ ಬೋಗದೆ ದಾಟಿದರೆ ನವಲೆ ಪೂಲು ಎಂಬ ಸೇತುವೆಯ ತನಕ ಒಂದೇ ಇಳಿಜಾರು. ಪುಣೆಯಲ್ಲಿ ಗಾಡಿ ಹೊಡೆದವರಿಗೆ ಹೆಸರು ಹೇಳಿದರೆ ಸಾಕು. 2022ರ ನವೆಂಬರ್ 20ರ ರಾತ್ರಿ ಅಲ್ಲಿ ಒಂದು ಟ್ರಕ್ಕು ಹತೋಟಿ ತಪ್ಪಿ ಸುಮಾರು 48 ಗಾಡಿ ಜಖಂ ಆದವು. 2025ರ ನವೆಂಬರಿನಲ್ಲಿ ಮತ್ತೆ ಅಲ್ಲೇ ಜನ ಸತ್ತರು. ಆ ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ಗಾಡಿ ನ್ಯೂಟ್ರಲ್ ಮಾಡಿ ಬಿಡುವ ಚಟ ನಮ್ಮವರಿಗಿದೆ. ಗೇರ್ ಇಲ್ಲದೆ ಬಿಟ್ಟರೆ ಇಂಜಿನ್ ಹಿಡಿದುಕೊಳ್ಳುವುದಿಲ್ಲ, ಇಡೀ ಭಾರ ಬ್ರೇಕಿನ ಮೇಲೆ. ಡ್ರಮ್ ಕಾಯುತ್ತದೆ, ಕಾದ ಡ್ರಮ್ ಹಿಡಿಯುವುದಿಲ್ಲ, ಮೇಲಿಂದ ಮೇಲೆ ತುಳಿದರೆ ಬ್ರೇಕ್ ಹಿಡಿಸುವ ಗಾಳಿಯೂ ಇಳಿಯುತ್ತದೆ.

ಸ್ವಂತ ಕೈಯ ಗಾಡಿಯಲ್ಲಿ ನ್ಯೂಟ್ರಲ್ ಮಾಡಿದವನು ತನ್ನ ಬ್ರೇಕನ್ನೇ ತಿನ್ನುತ್ತಿದ್ದ. ಬದಲಿ ಗಾಡಿಯಲ್ಲಿ ಒಬ್ಬನು ತಿಂದದ್ದನ್ನು ಇನ್ನೊಬ್ಬನು ತುಂಬಬೇಕು. ಅದಕ್ಕೆ ಮೇಲೆ ಕಂಪನಿಯ ಎವರೇಜ್ ಬೋನಸ್ ಒಂದು. ಲೀಟರ್ ಡೀಸೆಲ್ಲಿಗೆ 4.2 ಕಿಲೋಮೀಟರ್ ದಾಟಿದರೆ ತಿಂಗಳಿಗೆ 1,500 ರೂಪಾಯಿ. ಆದರೆ ಎವರೇಜ್ ಲೆಕ್ಕ ಗಾಡಿಯ ಮೇಲೆ, ಡ್ರೈವರ್ ಮೇಲಲ್ಲ. ಆರು ಕೈ ಓಡಿಸಿದ ಗಾಡಿಯ ಎವರೇಜ್ ಯಾರದು? ನಾನು ಐದನೇ ಗೇರಿನಲ್ಲಿ ಇಂಜಿನ್ ಹಿಡಿಸಿ ಇಳಿಸುತ್ತೇನೆ. ಇನ್ನೊಬ್ಬ ನ್ಯೂಟ್ರಲ್ ಬಿಟ್ಟು ಬೋನಸ್ ತರುತ್ತಾನೆ. ಅವನಿಂದ ನನಗೂ ಬೋನಸ್ ಬರುತ್ತದೆ, ಜತೆಗೆ ಅವನು ತೆಳ್ಳಗೆ ಮಾಡಿದ ಬ್ರೇಕ್ ಲೈನರೂ ಬರುತ್ತದೆ. ಈ ವಿಷಯದಲ್ಲಿ ನಾನು ಎರಡು ಸಲ ಗಾಡಿ ತೆಗೆದುಕೊಳ್ಳುವುದಿಲ್ಲ ಅಂತ ಬರೆದುಕೊಟ್ಟೆ. ಒಂದು ಸಲ ಲೈನರ್ ಹಾಕಿಸಿಕೊಟ್ಟರು. ಇನ್ನೊಂದು ಸಲ ಅದೇ ಗಾಡಿಯನ್ನು ಬೇರೆಯವನಿಗೆ ಕೊಟ್ಟು ನನ್ನನ್ನು ಒಂದು ದಿನ ಬಿಟ್ಟಿ ಕೂರಿಸಿದರು. ಅವನು ಸುರಕ್ಷಿತವಾಗಿ ಬಂದ. ಬಂದದ್ದಕ್ಕೆ ಸೂಪರ್‌ವೈಸರ್ ನನ್ನ ಕಡೆ ನೋಡಿ ನಕ್ಕ.

ಕೇಬಿನ್ ವಿಷಯಕ್ಕೆ ಬರೋಣ. ಉಂಬ್ರಜ್‌ನಲ್ಲಿ ನನ್ನ ಎದುರಿನ ಜೋಡಿದಾರ ಕಾಗಲ್ ಕಡೆಯವನು, ಕನ್ನಡ-ಮರಾಠಿ ಎರಡೂ ಹದವಾಗಿ ಕಲೆಸಿ ಮಾತಾಡುತ್ತಾನೆ. ಒಳ್ಳೆಯ ಮನುಷ್ಯ, ಆದರೆ ಐದಡಿ ಎರಡಿಂಚು. ನಾನು ಐದು ಹನ್ನೊಂದು. ಅವನು ಇಳಿದ ಸೀಟಿನಲ್ಲಿ ನಾನು ಕೂತರೆ ಮೊಣಕಾಲು ಸ್ಟೇರಿಂಗಿಗೆ ತಾಗುತ್ತದೆ, ಕನ್ನಡಿಯಲ್ಲಿ ಆಕಾಶ ಕಾಣುತ್ತದೆ. ಮೂರು ಗಾಡಿಯಲ್ಲಿ ಸೀಟು ಹಿಂದೆ ಮುಂದೆ ಮಾಡುವ ಸನ್ನೆ ಜಾಮ್ ಆಗಿದೆ. ಅವು ಸಿಕ್ಕ ದಿನ ಸಂಜೆ ಸೊಂಟಕ್ಕೆ ಹೆಂಡತಿ ಬಿಸಿನೀರಿನ ಚೀಲ ಇಡಬೇಕು. ತಂಬಾಕು ಉಗುಳಿದ ಬಾಗಿಲು, ಬೀಡಿ ಸುಟ್ಟ ತೂತು, ಬರ್ತಿನ ಫೋಮಿನಲ್ಲಿ ಆರು ಮಂದಿಯ ಬೆವರು. ತಗಣಿ ಸಹ. ಚಾಕಣದಲ್ಲಿ ಅನ್‌ಲೋಡಿಗೆ ಕಾಯುವಾಗ ಎರಡು ತಾಸು ಅಡ್ಡಾಗಬೇಕಾದರೆ ಕೌದಿ ಹಾಸದೆ ಮಲಗುವ ಹಾಗಿಲ್ಲ. ಕೌದಿಯನ್ನು ಹೆಂಡತಿ ವಾರಕ್ಕೊಮ್ಮೆ ಕುದಿಯುವ ನೀರಿಗೆ ಹಾಕಿಯೇ ಮನೆಯೊಳಗೆ ಬಿಡುವುದು.

ದೇವರ ಮಾತೂ ಇದೆ. ಮೊದಲಿನ ಗಾಡಿಯಲ್ಲಿ ಎದುರಿಗೆ ಯಲ್ಲಮ್ಮ, ಪಕ್ಕಕ್ಕೆ ಸಿದ್ದೇಶ್ವರ ಇದ್ದರು, ಕೆಳಗೆ ನಮ್ಮೂರಿನ ಲಿಂಬೆಹಣ್ಣು ತೂಗುತ್ತಿತ್ತು. ಇಲ್ಲಿ ಆರೂ ಮಂದಿ ತಮ್ಮ ತಮ್ಮ ದೇವರ ಸ್ಟಿಕ್ಕರ್ ಹಚ್ಚಿ ಗಾಜಿನಲ್ಲಿ ರಸ್ತೆ ಕಾಣದಂತಾದಾಗ ಕಂಪನಿಯವರು ಎಲ್ಲಾ ಕಿತ್ತು ಒಂದೇ ಇರಲಿ ಎಂದರು. ಯಾವುದು ಇರಬೇಕು ಅಂತ ಅರ್ಧ ದಿನ ಚರ್ಚೆ. ಕೊನೆಗೆ ಕಾಗಲ್‌ನವನು ಜೇಜುರಿಯ ಖಂಡೋಬಾನ ಸಣ್ಣ ಫೋಟೊ ತಂದ. ನನಗೆ ತಕರಾರಿಲ್ಲ, ಅವನ ಖಂಡೋಬಾ ನಮ್ಮ ಮೈಲಾರಲಿಂಗ, ಇಬ್ಬರಿಗೂ ಅದೇ ಭಂಡಾರ. ಖಂಡೇನವಮಿಗೆ ಮಾತ್ರ ಪಂಚಾಯಿತಿ ಉಳಿಯಿತು. ಸ್ವಂತ ಗಾಡಿಯಾದರೆ ಕುಂಬಳಕಾಯಿ ಒಡೆದು ಚೆಂಡುಹೂವಿನ ಮಾಲೆ ಹಾಕುತ್ತೇವೆ. ಈ ಸಲ ನನ್ನ ಪಾಳಿಗೆ ಬಂದ ಗಾಡಿಗೆ ಆಗಲೇ ಯಾರೋ ಪೂಜೆ ಮಾಡಿದ್ದರು. ಮಾಲೆ ಇತ್ತು, ಒಣಗಿತ್ತು. ಏನು ಮಾಡಬೇಕು ತಿಳಿಯದೆ ಸ್ಟೇರಿಂಗಿಗೆ ಕೈಮುಗಿದು ಹೊರಟೆ.

ಎಸಿಯ ಬಗ್ಗೆ ಬಹಳ ಜನ ಕೇಳುತ್ತಾರೆ. 2025ರ ಅಕ್ಟೋಬರ್ 1ರಿಂದ ತಯಾರಾದ, ಒಟ್ಟು ತೂಕ 3.5 ಟನ್ ಮೀರಿದ ಸರಕು ಗಾಡಿಗಳಿಗೆ ಎಸಿ ಕೇಬಿನ್ ಕಡ್ಡಾಯ. ಹಳೆಯ ಗಾಡಿಗೆ ಅಲ್ಲ. ನಮ್ಮ ಹದಿನಾಲ್ಕರಲ್ಲಿ ಎರಡು ಹೊಸವು. ಅವು ಯಾರ ಪಾಳಿಗೆ ಬರುತ್ತವೋ ಅವರ ಅದೃಷ್ಟ. ನನಗೆ ತಿಂಗಳಿಗೆ ಮೂರು ನಾಲ್ಕು ದಿನ ಸಿಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಶಿರವಳದಿಂದ ಖಂಬಾಟ್ಕಿ ಏರುವಾಗ ಅದರೊಳಗೆ ಕೂತರೆ ಅಂಗಿ ಒಣಗಿರುತ್ತದೆ, ಸಂಜೆ ತಲೆನೋವು ಇರುವುದಿಲ್ಲ, ಅದರ ಬಗ್ಗೆ ಎರಡು ಮಾತಿಲ್ಲ. ಎವರೇಜ್ ಇಳಿಯುತ್ತದೆ ಅಂತ ಆಫೀಸಿನಿಂದ ಫೋನ್ ಬರುತ್ತದೆ. ನಾನು ಎತ್ತುವುದಿಲ್ಲ, ಗಾಡಿ ಓಡಿಸುವಾಗ ಫೋನ್ ಎತ್ತಬಾರದು ಅಂತ ಅವರೇ ಬೋರ್ಡ್ ಹಾಕಿದ್ದಾರೆ.

ಉಂಬ್ರಜ್‌ನ ವಿಶ್ರಾಂತಿ ಕೋಣೆಗೆ ಐದರಲ್ಲಿ ಒಂದು ಅಂಕ, ಅದೂ ಫ್ಯಾನ್ ತಿರುಗುತ್ತದೆ ಎಂಬ ಕಾರಣಕ್ಕೆ. ಎಂಟು ಮಂಚ, ಎರಡು ಸಂಡಾಸು, ಒಂದು ನಲ್ಲಿ. ಸಾತಾರಾದಿಂದ ಕಾಗಲ್ ತನಕ ಆರು ಲೇನಿನ ಕೆಲಸ, ಅಲ್ಲಲ್ಲಿ ಡೈವರ್ಶನ್, ಹಾಗಾಗಿ ಎದುರಿನ ಗಾಡಿ ತಡವಾಗುವುದು ನಿತ್ಯದ ಮಾತು. ನನ್ನ ಗಾಡಿಯನ್ನು ಬೇರೊಬ್ಬ ತೆಗೆದುಕೊಂಡು ಹೋಗಿರುತ್ತಾನೆ, ಬರಬೇಕಾದದ್ದು ಬಂದಿರುವುದಿಲ್ಲ. ಹಿಂದೆ ಎಂಥ ಜಾಮ್ ಇದ್ದರೂ ನಮ್ಮ ಕೇಬಿನ್ ನಮ್ಮ ತಲೆಯ ಮೇಲಿರುತ್ತಿತ್ತು, ಸ್ಟೋ ಹಚ್ಚಿ ಅನ್ನ ಇಡುತ್ತಿದ್ದೆವು. ಈಗ ಚೀಲ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಪ್ರಯಾಣಿಕನ ಹಾಗೆ ಕೂರುವುದು. ಎರಡು ತಾಸು, ಒಮ್ಮೆ ನಾಲ್ಕೂವರೆ ತಾಸು. ಕಾದದ್ದಕ್ಕೆ ಬತ್ತಾ ಇಲ್ಲ. ಪೆಟ್ರೋಲಿಯಂ ಕಂಪನಿಗಳ ಕೆಲವು ಪಂಪುಗಳಲ್ಲಿ ಅಪ್ನಾ ಘರ್ ಅಂತ ಡ್ರೈವರುಗಳಿಗೆಂದೇ ಮಲಗುವ ಜಾಗ, ಸ್ವತಃ ಅಡಿಗೆ ಮಾಡಿಕೊಳ್ಳುವ ಕಟ್ಟೆ, ಸ್ನಾನಕ್ಕೆ ಹೌದ ಮಾಡಿದ್ದಾರೆ. ಒಂದರಲ್ಲಿ ಹಿಂದೆ ಇಳಿದಿದ್ದೆ, ಹಾಸಿಗೆ ಚೊಕ್ಕಟವಿತ್ತು. ಸೇಟ್ ಅದನ್ನೊಮ್ಮೆ ನೋಡಿ ಬಂದರೆ ನಮ್ಮ ಕೋಣೆಗೆ ಸುಣ್ಣವಾದರೂ ಬಳಿಸಿಯಾನು.

ದುಡ್ಡು ಬೇಗ ಹೇಳಿಬಿಡುತ್ತೇನೆ. ಕೈಗೆ 26,000, ಪಿಎಫ್ ಕಟ್ಟುತ್ತಾರೆ, ಹತ್ತನೇ ತಾರೀಖಿನೊಳಗೆ ಬ್ಯಾಂಕಿಗೆ ಬರುತ್ತದೆ, ಇದುವರೆಗೆ ಒಮ್ಮೆಯೂ ತಪ್ಪಿಲ್ಲ. ಹಳೆಯ ಕೆಲಸದಲ್ಲಿ ಪಗಾರ 18,000 ಇತ್ತು, ಆದರೆ ಟ್ರಿಪ್ ಖರ್ಚಿನಲ್ಲಿ ಉಳಿಸಿದ್ದು ಸೇರಿ ಹೆಚ್ಚುಕಡಿಮೆ ಅಷ್ಟೇ ಆಗುತ್ತಿತ್ತು. ಟೋಲ್ ಫಾಸ್ಟ್ಯಾಗಿನಲ್ಲಿ, ಡೀಸೆಲ್ ಕಾರ್ಡಿನಲ್ಲಿ, ಈಗ ಕೈಯಲ್ಲಿ ಕಾಸಾಡುವುದಿಲ್ಲ. ಓವರ್‌ಲೋಡ್ ಇಲ್ಲ, ಇದು ದೊಡ್ಡ ಸಮಾಧಾನ. ಸಿಕ್ಕಿಬಿದ್ದರೆ 20,000 ದಂಡ, ಹೆಚ್ಚಿನ ಒಂದೊಂದು ಟನ್ನಿಗೂ 2,000. ಮೊದಲಿನ ಸೇಟ್ ಆ ದಂಡದ ಹೆದರಿಕೆಯನ್ನು ನಮ್ಮ ತಲೆಗೆ ಕಟ್ಟಿ ಕಳಿಸುತ್ತಿದ್ದ.

ಒಟ್ಟು ಐದಕ್ಕೆ ಮೂರು. ಎರಡು ಮನೆಯ ನಿದ್ದೆಗೆ, ಒಂದು ಹೊತ್ತಿಗೆ ಬರುವ ಪಗಾರಕ್ಕೆ. ಕೈಬದಲಿನ 45 ನಿಮಿಷವನ್ನು ಡ್ಯೂಟಿಗೆ ಹಿಡಿದ ದಿನ ನಾಲ್ಕು ಮಾಡುತ್ತೇನೆ. ಹೋದ ತಿಂಗಳು ನಾವು ಹದಿನೇಳು ಮಂದಿ ಸಹಿ ಮಾಡಿ ಅರ್ಜಿ ಕೊಟ್ಟಿದ್ದೇವೆ, ಮೂರು ಭಾಷೆಯಲ್ಲಿ ಸಹಿಗಳಿವೆ. ಕಾಗಲ್‌ನವನು ಮೊದಲು ಒಲ್ಲೆ ಅಂದಿದ್ದ. ಆಮೇಲೆ ಅವನ ಪಾಳಿಯಲ್ಲೂ ಒಂದು ಸ್ಟೆಪ್ನಿ ಕಾಣೆಯಾಯಿತು, ಬಂದು ಸಹಿ ಹಾಕಿದ. ಆಫೀಸಿನವರು ಇಪ್ಪತ್ತು ನಿಮಿಷ ಕೊಡೋಣ ಎನ್ನುತ್ತಿದ್ದಾರಂತೆ. ಮಾತು ನಡೆದಿದೆ.

ಬರುವವರು ಬರ್ರಿ, ಜಾಗ ಖಾಲಿ ಇದೆ. ಮೊದಲ ದಿನವೇ ಕೇಳಬೇಕಾದ್ದು ಪಗಾರವಲ್ಲ: ಕಾಯುವ ಹೊತ್ತಿಗೆ ಏನು ಕೊಡುತ್ತೀರಿ, ಸಾಮಾನು ಕಳೆದರೆ ಯಾರ ಮೇಲೆ ಬರೆಯುತ್ತೀರಿ, ಬ್ರೇಕ್ ಸರಿಯಿಲ್ಲ ಅಂತ ನಾನು ಬರೆದುಕೊಟ್ಟರೆ ಆ ದಿನದ ಪಗಾರ ಹಿಡಿಯುತ್ತೀರಾ. ಒಂದು ಟೈರಿನ ಹವಾ ನೋಡುವ ಗೇಜು ಸ್ವಂತದ್ದು ಇಟ್ಟುಕೊಳ್ಳಿ, ಫೋನಿನಲ್ಲಿ ಜಾಗ ಇಟ್ಟುಕೊಳ್ಳಿ. ಹಾಸಿಗೆ ಕಂಪನಿ ಕೊಡುತ್ತದೆ ಅಂತ ಹೇಳುತ್ತಾರೆ. ಕೌದಿ ಮನೆಯಿಂದಲೇ ತರ್ರಿ.